ದಾರಂದ ಕೀಳುವುದೋ ಉಳಿಸುವುದೋ: ಕಾರ್ಕಳದ ಕಿಟಕಿಗಳ ಕಥೆ

ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ಕಾರ್ಕಳದ ಸುತ್ತಮುತ್ತ ಮನೆ ರಿಪೇರಿಯ ಕಾಲ ಶುರುವಾಗುತ್ತದೆ. ಹೆಂಚು ಕೈಯಾಡಿಸುವುದು, ಸುಣ್ಣ ಬಳಿಯುವುದು ಹಳೆಯ ರಿವಾಜು. ಈಗ ಅದಕ್ಕೆ ಇನ್ನೊಂದು ಸೇರಿಕೊಂಡಿದೆ, ಕಿಟಕಿ ಬದಲಿಸುವುದು. ಅಂಗಡಿಯವರು ಟೇಪು ಹಿಡಿದು ಮನೆಗೆ ಬರುತ್ತಾರೆ. ಉದ್ದ ಅಗಲ ಬರೆದುಕೊಳ್ಳುತ್ತಾರೆ. ಹೊರಡುವಾಗ ಕೊನೆಗೊಂದು ಪ್ರಶ್ನೆ ಕೇಳುತ್ತಾರೆ: "ದಾರಂದ ಕೀಳುವುದೋ, ಹಾಗೇ ಇರಲೋ?"

ಕೇಳಲು ಇದು ಸಣ್ಣ ಪ್ರಶ್ನೆ. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಎರಡು ಮಳೆಗಾಲ ಮತ್ತು ಒಂದಷ್ಟು ಜಗಳ ಬೇಕಾಯಿತು. ಏಳು ಕಿಟಕಿಗಳಿರುವ ಮುರಕಲ್ಲಿನ ಮನೆ ನಮ್ಮದು. ಎಲ್ಲವನ್ನೂ ಕಿತ್ತು ಬಿಸಾಡೋಣ ಎಂದವರು ನಮ್ಮಲ್ಲಿ ಕೆಲವರು. ಒಂದನ್ನೂ ಮುಟ್ಟಬಾರದು ಎಂದವರು ಹಿರಿಯರು. ಅಂಗಡಿಯವರ ಮಾತು ಮೂರನೆಯದು. ಹಳೆಯ ದಾರಂದದ ಒಳಗೇ ಹೊಸ ಚೌಕಟ್ಟು ಕೂರಿಸಿದರೆ ಅರ್ಧ ದಿನದ ಕೆಲಸ, ಗೋಡೆಗೆ ಪೆಟ್ಟಿಲ್ಲ ಎಂಬುದು ಅವರ ವಾದ. ಯಾರು ಸರಿ ಎಂದು ತಿಳಿಯಬೇಕಾದರೆ ಆ ಕಿಟಕಿ ಗೋಡೆಯಲ್ಲಿ ಮೊದಲು ಹೇಗೆ ಕೂತಿತು ಎಂಬುದು ಗೊತ್ತಿರಬೇಕು. ಹಾಗೆ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಈ ಊರಿನ ಚರಿತ್ರೆಯ ಒಂದು ತುಂಡು.

ಮೊದಲು ಹೆಸರುಗಳನ್ನೇ ನೋಡಿ. ಹಳೆಗನ್ನಡದಿಂದ ಬಂದ 'ಬೆಳಕಿಂಡಿ' ಎಂಬ ಪದ ಬೆಳಕು ಬರುವ ಕಿಂಡಿಯನ್ನು ಹೇಳುತ್ತದೆ. ಸಂಸ್ಕೃತದ ಗವಾಕ್ಷಕ್ಕೆ ಎತ್ತಿನ ಕಣ್ಣು ಎಂಬ ಅರ್ಥ. ಜಾಲಂದ್ರವೆಂದರೆ ಬಲೆಯಂತೆ ಕೊರೆದ ಕಿಟಕಿ. ಕಿಟಕಿಗೂ ಉರ್ದುವಿನ ಖಿಡ್ಕಿಗೂ ಇರುವ ನಂಟು ಕಿವಿಗೇ ಗೊತ್ತಾಗುತ್ತದೆ. ಕರಾವಳಿಯ ಕೊಂಕಣಿಯ ಜನೆಲ್, ಮಲಯಾಳದ ಜನಲ್, ತಮಿಳಿನ ಜನ್ನಲ್ ಎಲ್ಲವೂ ಪೋರ್ಚುಗೀಸರ 'ಜನೆಲಾ' ಎಂಬ ಶಬ್ದದಿಂದ ಬಂದವು. ಗೋಡೆಗೆ ತೂತು ಕೊರೆಯುವುದು ನಮ್ಮವರಿಗೆ ಗೊತ್ತಿರಲಿಲ್ಲ ಎಂದು ಇದರರ್ಥವಲ್ಲ. ಚೌಕಟ್ಟು, ಸರಳು, ಎರಡು ಪಡಿಗಳಿರುವ ದೊಡ್ಡ ಕಿಟಕಿ ಹೊರಗಿನಿಂದ ಬಂದ ಹೆಸರಿನೊಂದಿಗೆ ಈ ಕರಾವಳಿಯಲ್ಲಿ ಹರಡಿತು ಎಂದಷ್ಟೇ ಊಹಿಸಬಹುದು.

ಕಾರ್ಕಳ ಕಲ್ಲಿನ ಊರು. ಕರಿಕಲ್ಲಿನಿಂದಲೇ ಊರಿಗೆ ಹೆಸರು ಬಂತೆಂದು ಜನ ಹೇಳುತ್ತಾರೆ. 1432ರಲ್ಲಿ ಭೈರರಸರ ವೀರಪಾಂಡ್ಯ ಇಲ್ಲಿನ ಬಂಡೆಯ ಮೇಲೆ 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. 1586ರಲ್ಲಿ ಇಮ್ಮಡಿ ಭೈರರಸ ಅದರೆದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಆ ಬಸದಿಯ ಚಾವಣಿಯೂ ಕಲ್ಲು, ಕಂಬವೂ ಕಲ್ಲು. ಬೆಳಕು ಬರುವುದು ನಾಲ್ಕು ದಿಕ್ಕಿನ ನಾಲ್ಕು ಬಾಗಿಲುಗಳಿಂದ. ಅಷ್ಟು ದೊಡ್ಡ ಕಲ್ಲನ್ನು ಗುಡ್ಡಕ್ಕೆ ಏರಿಸಬಲ್ಲ ಕೈಗಳು ತಮ್ಮ ಸ್ವಂತ ಮನೆಗೆ ಎಂಥ ಕಿಟಕಿ ಇಟ್ಟುಕೊಂಡಿದ್ದವು ಎಂದು ಯಾವ ಶಾಸನವೂ ಬರೆದಿಡುವುದಿಲ್ಲ. ಮಣ್ಣಿನ ಗೋಡೆ, ಮುಳಿಹುಲ್ಲಿನ ಇಲ್ಲವೇ ಮಡಲಿನ ಮಾಡು, ಇದು ಈ ಸೀಮೆಯ ಬಡವರ ಮನೆಯ ರೂಪ. ವರ್ಷಕ್ಕೆ 4 ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮಣ್ಣಿನ ಗೋಡೆ ಉಳಿಯಬೇಕಾದರೆ ಮಾಡು ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು. ಮಾಡು ಇಳಿದ ಮೇಲೆ ಕಿಟಕಿಗೆ ಜಾಗವೆಲ್ಲಿ? ಒಂದು ಕೈ ತೂರುವಷ್ಟು ಕಂಡಿ, ಒಲೆಯ ಹೊಗೆ ಹೋಗಲು ಇನ್ನೊಂದು. ಮಧ್ಯಾಹ್ನವೂ ದೀಪ ಬೇಕು. ಗುತ್ತಿನ ಮನೆಗಳ ಚಾವಡಿಯಲ್ಲಿ ಕೆತ್ತನೆಯ ಮರದ ಜಾಲಂದ್ರಗಳಿದ್ದವು, ಒಳಕೋಣೆಗಳಲ್ಲಿ ಅವರಿಗೂ ಕತ್ತಲೆಯೇ.

ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧ ಕಿಟಕಿ ಮನೆಯಲ್ಲಿಲ್ಲ, ಉಡುಪಿಯ ಕೃಷ್ಣಮಠದಲ್ಲಿದೆ. 16ನೆಯ ಶತಮಾನದ ಕನಕದಾಸರಿಗೆ ಜಾತಿಯ ಕಾರಣಕ್ಕೆ ಒಳಗೆ ಪ್ರವೇಶ ಸಿಗಲಿಲ್ಲ, ಹೊರಗೆ ನಿಂತು ಹಾಡಿದಾಗ ಗೋಡೆ ಬಿರಿದು ಕೃಷ್ಣ ಅವರತ್ತ ತಿರುಗಿದ ಎಂಬುದು ಐತಿಹ್ಯ. ಬಿರಿದ ಜಾಗದ ಕಿಂಡಿಯೇ ಕನಕನ ಕಿಂಡಿ. ಒಳಗೆ ಭಕ್ತರು ದರ್ಶನ ಮಾಡುವ ಒಂಬತ್ತು ತೂತುಗಳ ನವಗ್ರಹ ಕಿಂಡಿ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ. ಕಿಂಡಿಯ ಎದುರಿನ ಕನಕಗೋಪುರವನ್ನು ಕೆಡವಿ ಹೊಸದು ಕಟ್ಟುವ ವಿಚಾರ 2000ದ ದಶಕದ ನಡುಭಾಗದಲ್ಲಿ ರಾಜ್ಯಮಟ್ಟದ ವಿವಾದವಾಗಿತ್ತು. ಐತಿಹ್ಯ ನಿಜವೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಯಾರಿಗೆ ಬಾಗಿಲು, ಯಾರಿಗೆ ಬರೀ ಕಿಂಡಿ ಎಂಬ ಪ್ರಶ್ನೆ ಈ ಮಣ್ಣಿನಲ್ಲಿ ಹಳೆಯದು ಎಂಬುದಕ್ಕೆ ಈ ಕಥೆಯೇ ಸಾಕು.

ಇನ್ನು ಗೋಡೆಯ ಕಥೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಹೋದ. ಕಾರ್ಕಳದ ಜೈನರ ಬಗ್ಗೆ, ಬೆತ್ತಲೆ ಪ್ರತಿಮೆಯ ಬಗ್ಗೆ ಬರೆದ. ನಮ್ಮ ಮುರಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನೂ ಅವನೇ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಮಲಬಾರಿನ ಕಲ್ಲಿಗೆ ಆ ಹೆಸರು ಸಿಕ್ಕಿತು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ, ಇದು ಅದರ ಗುಣ. ಮೈತುಂಬ ತೂತುಗಳಿರುವುದು ಅದರ ಇನ್ನೊಂದು ಗುಣ. ನೀರು ಹೀರುತ್ತದೆ, ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಕಿಟಕಿಯ ವಿಷಯದಲ್ಲಿ ಈ ಎರಡನೆಯ ಗುಣವನ್ನು ಮರೆತವರು ಕೈ ಸುಟ್ಟುಕೊಳ್ಳುತ್ತಾರೆ. ನಾವು ಮರೆತಿದ್ದೆವು.

1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹುಲ್ಲಿನ ಮಾಡಿಗೆ ಹೋಲಿಸಿದರೆ ಹೆಂಚಿನ ಮಾಡು ಎತ್ತರದಲ್ಲಿ ನಿಲ್ಲಬಲ್ಲದು, ಬೆಂಕಿಗೆ ಹೆದರಬೇಕಿಲ್ಲ. ಮಾಡು ಮೇಲೇರಿತು, ಗೋಡೆ ಮುರಕಲ್ಲಿನದಾಯಿತು, ಗೋಡೆಯ ನಡುವೆ ನಿಜವಾದ ಕಿಟಕಿಗೆ ಜಾಗ ಸಿಕ್ಕಿತು. ಹೆಂಚಿನ ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹೆಂಚೂ ಸೇರಿಕೊಂಡು ಅಡುಗೆಮನೆಗೆ ಮೊದಲ ಬಾರಿ ಹಗಲು ಬೆಳಕು ಬಿತ್ತು. ಆದರೆ ಇದೆಲ್ಲ ಹಣವಿದ್ದವರ, ಜಮೀನಿದ್ದವರ ಮಾತು.

ಆಗ ಕಿಟಕಿ ಕೂರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಬರುತ್ತಿದ್ದವರು ಮರದ ಆಚಾರಿ, ಕಲ್ಲಿನವರು ಬರುತ್ತಿದ್ದುದು ಅವರ ಜೊತೆಗೆ ಅಥವಾ ನಂತರ. ಗೋಡೆ ಸೊಂಟದ ಎತ್ತರಕ್ಕೆ ಬಂದಾಗ ದಾರಂದವನ್ನು ಅದರ ಮೇಲೆ ನಿಲ್ಲಿಸಿ, ತೂಗುಗುಂಡು ಹಿಡಿದು ನೇರ ಮಾಡಿ, ಕೋಲು ಕೊಟ್ಟು ಕಟ್ಟುತ್ತಿದ್ದರು. ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಎರಡೂ ಬದಿಗೆ ಅರ್ಧ ಅಡಿ ಚಾಚಿಕೊಂಡಿರುತ್ತಿದ್ದವು. ಅವಕ್ಕೆ ಕಿವಿ ಎಂದು ಹೆಸರು. ಆಮೇಲೆ ಕಲ್ಲು ಆ ಕಿವಿಗಳನ್ನು ಕಚ್ಚಿಕೊಂಡು ಮೇಲೇರುತ್ತಿತ್ತು. ಅಂದರೆ ಕಿಟಕಿ ಮೊದಲು, ಗೋಡೆ ನಂತರ. ದಾರಂದದ ಮೇಲೊಂದು ದಪ್ಪ ಹಲಗೆ, ಹಲಗೆಯ ಮೇಲೆ ಕಲ್ಲು. ಎಷ್ಟೋ ಮನೆಗಳಲ್ಲಿ ಆ ಕಲ್ಲಿನ ಭಾರ ಹೊತ್ತಿರುವುದು ದಾರಂದವೇ. ಬಾಗಿಲಿನ ದಾರಂದ ಇಡುವ ದಿನ ಮನೆಯವರಿಗೆ ಹಬ್ಬ. ಒಬ್ಬರಲ್ಲಿ ಪೂಜೆ, ಇನ್ನೊಬ್ಬರಲ್ಲಿ ದುಆ, ಮತ್ತೊಬ್ಬರಲ್ಲಿ ಶಿಲುಬೆಯ ಗುರುತು, ಎಲ್ಲರಲ್ಲೂ ಆಚಾರಿಗೆ ಹೊಸ ಬಟ್ಟೆ ಮತ್ತು ಕೈಕಾಣಿಕೆ. ಕಿಟಕಿಗೆ ಪ್ರತ್ಯೇಕ ಶಾಸ್ತ್ರವಿಲ್ಲದಿದ್ದರೂ ಅದು ಬಾಗಿಲಿನ ತಮ್ಮನಂತೆ ಅದೇ ಮರ್ಯಾದೆಯಲ್ಲಿ ಕೂರುತ್ತಿತ್ತು.

ಕಿಟಕಿಗೂ ಅಧಿಕಾರಕ್ಕೂ ಇರುವ ಸಂಬಂಧ ನಮ್ಮೂರಿಗೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಜನ ಕಿಟಕಿಗೆ ಇಟ್ಟಿಗೆ ತುಂಬಿ ಮುಚ್ಚಿದರು. ಹಾಗೆ ಮುಚ್ಚಿದ ಕಿಟಕಿಗಳು ಅಲ್ಲಿನ ಹಳೆಯ ಮನೆಗಳಲ್ಲಿ ಇನ್ನೂ ಇವೆ. ಫ್ರಾನ್ಸಿನಲ್ಲಿ 1798ರಲ್ಲಿ ಬಂದ ಇಂಥದೇ ತೆರಿಗೆ ಹೋಗಿದ್ದು 1926ರಲ್ಲಿ. ಬೆಳಕಿನ ಮೇಲೆ ಸುಂಕ ಹಾಕಿದ ಆ ಸರಕಾರಗಳನ್ನು ನೆನೆದು ನಗಬಹುದು. ನಮ್ಮಲ್ಲಿ ಆ ತೆರಿಗೆ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲವೇನೋ, ಗೇಣಿಯ ಪದ್ಧತಿಯೇ ಕಿಟಕಿಗಳನ್ನು ಮುಚ್ಚಿಟ್ಟಿತ್ತು.

ದಕ್ಷಿಣ ಕನ್ನಡದ ಗೇಣಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ. ಮೂಲಗೇಣಿಯವನಿಗೆ ಒಂದು ಮಟ್ಟದ ಶಾಶ್ವತ ಹಕ್ಕು. ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿ ಬದುಕಬೇಕು, ಎದ್ದು ಹೋಗು ಎಂದರೆ ಹೋಗಬೇಕು. ನಾಳೆ ಬಿಟ್ಟು ಹೋಗಬೇಕಾಗಬಹುದಾದ ಜಾಗದಲ್ಲಿ ಯಾರು ಮುರಕಲ್ಲಿನ ಗೋಡೆ ಏರಿಸಿಯಾರು? ಯಾರು ಹಲಸಿನ ಮರ ಕಡಿಸಿ ದಾರಂದ ಮಾಡಿಸಿಯಾರು? ಮರವೂ ಒಡೆಯನದೇ. ನಮ್ಮ ಅಜ್ಜ ಚಾಲಗೇಣಿಯವರಾಗಿದ್ದರು. ಅವರ ಹಳೆಯ ಮನೆಗೆ ಬಾಗಿಲು ಒಂದು, ಕಂಡಿ ಎರಡು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಆ ಕಂಡಿಗೂ ಗೋಣಿ ತುರುಕಬೇಕಿತ್ತು. ಗೋಣಿ ಎಂದರೆ ಹಗಲೂ ರಾತ್ರಿ, ಒಳಗೆ ಒಲೆಯ ಹೊಗೆ. ಅಜ್ಜಿಯ ಕಣ್ಣು ಮಂಜಾಗಿದ್ದು ವಯಸ್ಸಿನಿಂದಲ್ಲ, ಹೊಗೆಯಿಂದ ಎಂದು ತಾಯಿ ಕೊನೆಯವರೆಗೂ ನಂಬಿದ್ದರು.

1974ರ ಮಾರ್ಚ್ 1ರಿಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿ ತನ್ನದಾಗಿಸಿಕೊಳ್ಳಬಹುದಾಯಿತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಹಾಕುವುದು' ಎಂದೇ ಹೆಸರು. ದೇವರಾಜ ಅರಸರ ಆ ಕಾನೂನಿನಿಂದ ದಕ್ಷಿಣ ಕನ್ನಡದಲ್ಲಾದ ಬದಲಾವಣೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ: ಎಷ್ಟು ಎಕರೆ, ಎಷ್ಟು ಅರ್ಜಿ, ಯಾರು ಗೆದ್ದರು, ಯಾರು ಸೋತರು. ಮನೆಯ ಗೋಡೆಗಳಲ್ಲಾದ ಬದಲಾವಣೆಯನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಡಿಕ್ಲರೇಶನ್ ಆದ ಐದಾರು ವರ್ಷಗಳಲ್ಲಿ ಎಷ್ಟೋ ಒಕ್ಕಲು ಮನೆಗಳು ಮಣ್ಣಿನಿಂದ ಮುರಕಲ್ಲಿಗೆ, ಹುಲ್ಲಿನಿಂದ ಹೆಂಚಿಗೆ ಬದಲಾದವು. ನಮ್ಮ ಅಜ್ಜ ಕೈಗೆ ಹುಕುಂ ಬಂದ ಮೇಲೆ ಮಾಡಿದ ಮೊದಲ ಕೆಲಸ ಗದ್ದೆಯಂಚಿನ ಹಲಸಿನ ಮರ ಕಡಿಸಿದ್ದು. ಅದು ಅವರೇ ನೆಟ್ಟ ಮರ, ಹಿಂದಿನ ಕಾಲದಲ್ಲಾದರೆ ಒಡೆಯರ ಮರ. ಅದರಿಂದ ಏಳು ಕಿಟಕಿಗಳಾದವು. ಆಚಾರಿಗಳು ನಾಲ್ಕು ಸಾಕೆಂದರೂ ಅಜ್ಜ ಏಳೇ ಬೇಕೆಂದರಂತೆ. ಈಗ ನಮ್ಮ ಮನೆಯ ಹಿರಿಯರು ಒಂದನ್ನೂ ಮುಟ್ಟಬೇಡಿ ಎನ್ನುವುದರ ಹಿಂದೆ ಈ ಸಂಗತಿ ಇದೆ. ಅವರಿಗೆ ಅದು ಕಿಟಕಿಯಲ್ಲ, ಹಕ್ಕುಪತ್ರ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 70ರ ದಶಕದಿಂದ ಕೊಲ್ಲಿಯ ಹಣ ಬಂತು, ಮುಂಬಯಿಯ ಹೋಟೆಲುಗಳ ಹಣ ಅದಕ್ಕೂ ಮೊದಲೇ ಬರುತ್ತಿತ್ತು. ತಾರಸಿ ಮನೆಗಳು ಎದ್ದವು. ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್ಲು, ಅದರಿಂದ ಚಾಚಿದ ಸಜ್ಜ, ಬಣ್ಣ ಬಳಿದ ಗ್ರಿಲ್ಲು. ಇತ್ತ ಕಾಡಿನ ಮರ ಕೈಗೆಟುಕದಾಯಿತು. 1976ರಲ್ಲಿ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಕಳ ತಾಲೂಕಿನ ಮೂಡುಗಡಿಯ ಕಾಡೂ ಸೇರಿದಂತೆ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ತೇಗ, ಬೀಟೆ, ಬೋಗಿಯ ಜಾಗಕ್ಕೆ ಹಡಗಿನಲ್ಲಿ ಬಂದ ಪರದೇಶದ ಮರ, ಅದರ ಹಿಂದೆಯೇ ಸಿಮೆಂಟಿನ ದಾರಂದ, ಕರಿಕಲ್ಲಿನ ದಾರಂದ, ಅಲ್ಯೂಮಿನಿಯಂ ಬಂದವು. 2000ದಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ಸೇಂಟ್ ಗೊಬೇನ್ ಕಂಪೆನಿಯ ಗಾಜಿನ ಕಾರ್ಖಾನೆ ಶುರುವಾದ ಕಾಲಕ್ಕೆ ದೊಡ್ಡ ದೊಡ್ಡ ಗಾಜಿನ ಹಾಳೆಗಳು ಸಣ್ಣ ಪೇಟೆಗಳನ್ನೂ ಮುಟ್ಟುತ್ತಿದ್ದವು. 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಗಟ್ಟಿ ಪಿವಿಸಿಯ ಕಿಟಕಿ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಯುಪಿವಿಸಿ, ಕೊನೆಗೆ ಬಂತು. ಇವೆಲ್ಲವುಗಳಿಂದ ಒಂದು ಕ್ರಮವೇ ತಲೆಕೆಳಗಾಯಿತು. ಈಗ ಗೋಡೆ ಮೊದಲು, ಸಾರಣೆಯೂ ಮೊದಲು, ಕಿಟಕಿ ಕೊನೆಗೆ. ಕಿಟಕಿ ಗೋಡೆಯ ಅಂಗವಲ್ಲ, ಚದರಡಿಯ ಲೆಕ್ಕದಲ್ಲಿ ತಂದು ತುಂಬುವ ಸಾಮಾನು.

ನಮ್ಮ ತೊಂದರೆ ಇರುವುದು ಇಲ್ಲೇ. 'ಗೋಡೆ ಮೊದಲು' ಎಂಬ ಕಾಲದ ಸಾಮಾನನ್ನು 'ಕಿಟಕಿ ಮೊದಲು' ಎಂಬ ಕಾಲದ ಮನೆಗೆ ತುರುಕಬೇಕಾಗಿದೆ. ಹೇಗೆ ತುರುಕಬೇಕು ಎಂಬುದಕ್ಕೆ ದಾರಿಗಳು ಮೂರೇ.

ಮೊದಲನೆಯದು, ದಾರಂದವನ್ನು ಹಾಗೇ ಉಳಿಸಿ ಪಡಿಗಳನ್ನು ಮಾತ್ರ ಬದಲಿಸುವುದು. ದಾರಂದ ಗಟ್ಟಿಯಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಖರ್ಚೂ ಕಡಿಮೆ, ಬೆಳಕಿನ ಜಾಗವೂ ಕಡಿಮೆಯಾಗುವುದಿಲ್ಲ, ಗೋಡೆಗೆ ಉಳಿ ತಾಗುವುದಿಲ್ಲ. ಆದರೆ ದಾರಂದ ಗಟ್ಟಿಯಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಕೆಳಪಟ್ಟಿಯ ಎರಡು ಮೂಲೆಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಬೇಕು. ನೀರು ನಿಲ್ಲುವುದು ಅಲ್ಲೇ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ತುದಿ ಕಾಲಿಂಚಿಗಿಂತ ಹೆಚ್ಚು ಇಳಿದರೆ ಮರ ಸತ್ತಿದೆ ಎಂದರ್ಥ. ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡೂ ಕಡೆ ಅಳೆಯಬೇಕು. ಎರಡು ಅಳತೆಗಳು ಹತ್ತಿರ ಹತ್ತಿರ ಬಂದರೆ ದಾರಂದ ಇನ್ನೂ ಚೌಕವಾಗಿದೆ. ಬಹಳ ವ್ಯತ್ಯಾಸವಿದ್ದರೆ ಗೋಡೆಯೇ ಕೂತಿದೆ, ಕಿಟಕಿಯ ಮಾತು ಬಿಟ್ಟು ಗೋಡೆಯ ಮಾತು ಮೊದಲು ಆಡಬೇಕು.

ಎರಡನೆಯದು ಅಂಗಡಿಯವರಿಗೆ ಪ್ರಿಯವಾದದ್ದು. ಪಡಿಗಳನ್ನು ಕಳಚಿ, ಸರಳುಗಳನ್ನು ಕತ್ತರಿಸಿ, ಹಳೆಯ ದಾರಂದದ ಒಳಗೆ ಹೊಸ ಚೌಕಟ್ಟು ಕೂರಿಸಿ ಸ್ಕ್ರೂ ಹೊಡೆಯುವುದು. ಧೂಳಿಲ್ಲ, ಸಾರಣೆ ಕೆಲಸವಿಲ್ಲ, ಒಂದೇ ದಿನಕ್ಕೆ ನಾಲ್ಕು ಕಿಟಕಿ. ಮುರಕಲ್ಲಿಗೆ ಸ್ಕ್ರೂ ಸರಿಯಾಗಿ ಹಿಡಿಯುವುದಿಲ್ಲ, ಡ್ರಿಲ್ ಹಾಕಿದರೆ ಪುಡಿಯಾಗಿ ಉದುರುತ್ತದೆ, ಮರದ ದಾರಂದಕ್ಕಾದರೆ ಚೆನ್ನಾಗಿ ಹಿಡಿಯುತ್ತದೆ. ಈ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ತಾರಸಿಯ ಅಡಿಯಲ್ಲಿ, ಸಜ್ಜದ ನೆರಳಿನಲ್ಲಿ ಒಣಗಿರುವ ದಾರಂದಕ್ಕೆ ಈ ಕ್ರಮ ಸರಿಯೇ. ಒಳಗೆ ಹುಳುಕು ಇರುವ ದಾರಂದದ ಮೇಲೆ ಹೀಗೆ ಮಾಡಿದರೆ ಮಾತ್ರ ಹುಣ್ಣಿನ ಮೇಲೆ ಪ್ಲಾಸ್ಟರ್ ಅಂಟಿಸಿದಂತೆ.

ಇದರ ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. ಅದು ಗಾಳಿಯ ನಷ್ಟ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸೆಕೆಯೂ ತೇವವೂ ಇರುವ ನಮ್ಮಂಥ ಸೀಮೆಯಲ್ಲಿ ಕೋಣೆಯ ನೆಲದ ಆರನೆಯ ಒಂದು ಭಾಗದಷ್ಟು ತೆರೆದ ಜಾಗ ಇರಬೇಕು. ಒಣ ಸೆಕೆಯ ಊರಿಗೆ ಹತ್ತನೆಯ ಒಂದು ಭಾಗ ಸಾಕು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯೆಂದರೆ 120 ಚದರಡಿ. ಅದಕ್ಕೆ 20 ಚದರಡಿ ಕಿಟಕಿ ಬೇಕು. ನಮ್ಮ ಅಜ್ಜನ ಕಿಟಕಿಯ ತೆರೆದ ಜಾಗ ನಾಲ್ಕಡಿಗೆ ನಾಲ್ಕಡಿ, 16 ಚದರಡಿ. ನಿಯಮಕ್ಕೆ ತುಸು ಕಡಿಮೆಯಾದರೂ ಎರಡು ಪಡಿ ತೆರೆದರೆ ಪೂರ್ತಿ ತೆರೆಯುತ್ತಿತ್ತು. ಹೊಸ ಚೌಕಟ್ಟು ನಾಲ್ಕೂ ಕಡೆ ಎರಡೆರಡು ಇಂಚು ತಿಂದರೆ ಉಳಿಯುವುದು ಹದಿಮೂರೂವರೆಗೂ ಕಡಿಮೆ. ಅದು ಜಾರುವ ಕಿಟಕಿಯಾದರೆ ಒಮ್ಮೆಗೆ ತೆರೆಯುವುದು ಅರ್ಧ ಮಾತ್ರ, ಏಳು ಚದರಡಿಯೂ ಇಲ್ಲ. ಏಳು ಕಿಟಕಿ ಬೇಕೆಂದು ಹಟ ಹಿಡಿದ ಮನುಷ್ಯನ ಮನೆಯಲ್ಲಿ ಮೊಮ್ಮಕ್ಕಳು ಹಣ ಕೊಟ್ಟು ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಮುಚ್ಚಿಸಿದಂತಾಯಿತು.

ಮೂರನೆಯದು ಪೂರ್ತಿ ಕೀಳುವುದು. ಸಾರಣೆ ಒಡೆದು, ಕಿವಿಗಳನ್ನು ಕತ್ತರಿಸಿ, ಹಳೆಯ ದಾರಂದವನ್ನು ಗೋಡೆಯಿಂದ ಹೊರಗೆಳೆಯುವುದು. ಇದಕ್ಕೆ ಮೊದಲು ಮೇಲಿನ ಕಲ್ಲುಗಳು ಯಾವುದರ ಮೇಲೆ ನಿಂತಿವೆ ಎಂದು ನೋಡಲೇಬೇಕು. ಲಿಂಟಲ್ ಇದ್ದರೆ ಭಯವಿಲ್ಲ. ಬರೀ ಹಲಗೆ ಇದ್ದರೆ ಮೊದಲು ಕಂಬ ಕೊಟ್ಟು ಭಾರ ಹಿಡಿಯಬೇಕು, ಹಲಗೆಯ ಜಾಗಕ್ಕೆ ಎರಡೂ ಬದಿ ಕನಿಷ್ಠ ಅರ್ಧ ಅಡಿ ಗೋಡೆಯ ಮೇಲೆ ಕೂರುವ ಕಾಂಕ್ರೀಟ್ ಲಿಂಟಲ್ ಹಾಕಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು. ಕಿತ್ತ ಮೇಲೆ ಅಂಚಿನ ಮುರಕಲ್ಲು ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ. ಅದನ್ನು ಸಿಮೆಂಟಿನಿಂದ ಕಟ್ಟಿ ಚೌಕ ಮಾಡಿದರೆ ಸ್ಕ್ರೂ ಹಿಡಿಯಲು ಗಟ್ಟಿ ಜಾಗವೂ ಸಿಗುತ್ತದೆ. ಹೊಸಿಲಿನ ಕಲ್ಲು ಹೊರಗೆ ಇಳಿಜಾರಾಗಿರಬೇಕು, ಗೋಡೆಯಿಂದ ಎರಡಿಂಚಾದರೂ ಚಾಚಿರಬೇಕು, ಚಾಚಿದ ಭಾಗದ ಅಡಿಯಲ್ಲಿ ಒಂದು ಗೀರು ಇರಬೇಕು. ಆ ಗೀರು ಇಲ್ಲದಿದ್ದರೆ ನೀರು ಕಲ್ಲಿನ ಅಡಿಯಲ್ಲೇ ಹರಿದು ಮತ್ತೆ ಗೋಡೆ ಸೇರುತ್ತದೆ. ಕಾರ್ಕಳದ ಕಲ್ಲುಕುಟಿಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಲ್ಲಂಗಡಿಯಿಂದ ಪಾಲಿಶ್ ಮಾಡಿದ ಪಟ್ಟಿ ತಂದು ಸಮತಟ್ಟಾಗಿ ಅಂಟಿಸುವವರಿಗೆ ಕಲಿಸಬೇಕಾಗಿದೆ. ಕೆಲಸ ನವೆಂಬರಿನಿಂದ ಏಪ್ರಿಲಿನೊಳಗೆ ಮುಗಿಯಬೇಕು. ಮೇ ತಿಂಗಳಲ್ಲಿ ಗೋಡೆ ಒಡೆದವರನ್ನು ಜೂನ್ ಕ್ಷಮಿಸುವುದಿಲ್ಲ.

ನಾವು ಇದೆಲ್ಲ ಕಲಿತದ್ದು ಪೆಟ್ಟು ತಿಂದ ಮೇಲೆ. ಮೊದಲು ಪಡುವಣ ಗೋಡೆಯ ಎರಡು ಕಿಟಕಿಗಳಿಗೆ ಎರಡನೆಯ ಕ್ರಮದಂತೆ ಬಿಳಿ ಚೌಕಟ್ಟು ಕೂರಿಸಿದೆವು. ನೈಋತ್ಯದ ಮಳೆ ನೇರವಾಗಿ ಹೊಡೆಯುವ ಗೋಡೆ ಅದು. ಮೊದಲು ಆ ಬದಿಗೆ ಮಳೆಗಾಲದಲ್ಲಿ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಹೊಸ ಕಿಟಕಿ ಬಂತೆಂದು ತಟ್ಟಿ ಬಿಟ್ಟೆವು. ಜೂನ್ ಎರಡನೆಯ ವಾರದಲ್ಲಿ ಕೋಣೆಯೊಳಗೆ ನೀರು. ಜಾರುವ ಕಿಟಕಿಯ ಕೆಳಹಳಿಯಲ್ಲಿ ಹೊರಮುಖವಾಗಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ಹಳಿಗೆ ಬಿದ್ದ ನೀರು ಹೊರಹೋಗಲೆಂದೇ ಇಟ್ಟ ದಾರಿಗಳವು. ಕೂರಿಸಿದವರು ಅವನ್ನು ತೂತೆಂದು ತಿಳಿದು ಸಿಲಿಕೋನ್ ತುಂಬಿ ಅಂದವಾಗಿ ಮುಚ್ಚಿದ್ದರು. ಹಳಿ ತೊಟ್ಟಿಯಾಗಿ ತುಂಬಿ ಒಳಗೆ ಚೆಲ್ಲಿತು. ಕರೆದಾಗ ಮತ್ತಷ್ಟು ಸಿಲಿಕೋನ್ ಹಾಕಿ ಹೋದರು. ಎರಡನೆಯ ಮಳೆಗಾಲಕ್ಕೆ ಕಿಟಕಿ ಜಾರುವುದನ್ನೇ ನಿಲ್ಲಿಸಿತು. ಚೌಕಟ್ಟು ಬಿಚ್ಚಿ ನೋಡಿದರೆ ಅದರ ಹಿಂದೆ ಹಳೆಯ ಕೆಳಪಟ್ಟಿ ಇರಲೇ ಇಲ್ಲ. ಗೆದ್ದಲು ತಿಂದು ಉಳಿದ ಮಣ್ಣು, ಅದರ ಮೇಲೆ ಎಣ್ಣೆಬಣ್ಣದ ಒಂದು ಸಿಪ್ಪೆ.

ಗಾಜು ಬಂದ ಮೇಲೆ ಇನ್ನೊಂದು ತಮಾಷೆಯೂ ನಡೆಯಿತು. ಅಜ್ಜನ ಮರದ ಪಡಿ ಮೇಲೆ ಕೆಳಗೆ ಎಂದು ನಾಲ್ಕು ಭಾಗವಾಗಿತ್ತು. ಕೆಳಗಿನ ಎರಡನ್ನು ಮುಚ್ಚಿ ಮೇಲಿನೆರಡನ್ನು ತೆರೆದರೆ ಹೆಂಗಸರಿಗೆ ಮರೆಯೂ ಆಯಿತು, ಗಾಳಿಯೂ ಆಯಿತು. ಅರಬ್ ನಾಡಿನ ಮಶ್ರಬಿಯ್ಯ, ಉತ್ತರದ ಜಾಲಿ, ಜೈಪುರದ ಹವಾಮಹಲ್, ನಮ್ಮ ಗುತ್ತಿನ ಮನೆಯ ಜಾಲಂದ್ರ ಎಲ್ಲವೂ ಇದೇ ಲೆಕ್ಕದ ಉತ್ತರಗಳು. ಈ ಮರೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕತ್ತಲೆಯಲ್ಲಿ ಕೂರಿಸಿದ್ದೂ ಉಂಟು, ಅದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಈಗ ದೊಡ್ಡ ಗಾಜಿನ ಕಿಟಕಿ ಹಾಕಿಸಿ, ಹೊರಗಿನವರಿಗೆ ಕಾಣುತ್ತದೆಂದು ದಪ್ಪ ಪರದೆ ಇಳಿಬಿಟ್ಟು, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿ, ಫ್ಯಾನ್ ತಿರುಗಿಸುತ್ತೇವೆ. ಕೇರಳದಲ್ಲಿ ಇಟ್ಟಿಗೆಯ ಜಾಲಿಗಳಿಂದ ಮನೆ ಕಟ್ಟಿದ ಲಾರಿ ಬೇಕರ್, 2007ರಲ್ಲಿ ತೀರಿಕೊಳ್ಳುವವರೆಗೂ ಕಿಟಕಿ ದುಬಾರಿ ವಸ್ತು, ಬೇಕಾದಲ್ಲಿ ಮಾತ್ರ ಇಡಿ ಎನ್ನುತ್ತಿದ್ದರು. ದಾರಂದವೇ ಇಲ್ಲದೆ ಒಂದು ಹಲಗೆಯನ್ನು ಮೇಲೆ ಕೆಳಗೆ ಎರಡು ಗುಳಿಗಳಲ್ಲಿ ತಿರುಗುವಂತೆ ನಿಲ್ಲಿಸಿದರೂ ಕಿಟಕಿಯಾಗುತ್ತದೆ ಎಂದು ಮಾಡಿ ತೋರಿಸಿದವರು ಅವರು.

ಕೊನೆಗೆ ನಾವು ಮೂರೂ ಕ್ರಮಗಳ ಜಗಳವನ್ನು ಗೋಡೆಗೆ ಬಿಟ್ಟೆವು. ಪಡುವಣದ ಎರಡನ್ನು ಪೂರ್ತಿ ಕಿತ್ತು, ಲಿಂಟಲ್ ಎರಕ ಹಾಕಿ, ಇಳಿಜಾರಿನ ಕರಿಕಲ್ಲಿನ ಹೊಸಿಲಿಟ್ಟು, ಹೊರಗೆ ತೆರೆಯುವ ಪಡಿಗಳ ಹೊಸ ಕಿಟಕಿ ಇಟ್ಟೆವು. ಅವುಗಳ ಮೇಲೆ ಎರಡಡಿಯ ಸಜ್ಜ. ಮೂಡಣ ಮತ್ತು ತೆಂಕಣದ ನಾಲ್ಕರಲ್ಲಿ ಸ್ಕ್ರೂಡ್ರೈವರಿನ ತುದಿ ಎಲ್ಲೂ ಇಳಿಯಲಿಲ್ಲ. ಅವುಗಳ ದಾರಂದ ಉಳಿಯಿತು, ಪಡಿ ಮಾತ್ರ ಹೊಸದು, ಅದೇ ನಾಲ್ಕು ಭಾಗದ್ದು. ಅಡುಗೆಮನೆಯ ಒಂದಕ್ಕೆ, ಅಂಗಡಿಯವರ ಮಾತಿನಂತೆ, ಹಳೆಯ ದಾರಂದದೊಳಗೇ ಹೊಸ ಚೌಕಟ್ಟು. ಅಲ್ಲಿ ಮಾಡು ಮುಂದೆ ಚಾಚಿದೆ, ಮಳೆ ತಾಗುವುದಿಲ್ಲ. ಕೂರಿಸುವಾಗ ಪಕ್ಕದಲ್ಲೇ ನಿಂತು ಸೀಳುಗಳಿಗೆ ಕೈ ಅಡ್ಡ ಹಿಡಿದಿದ್ದೆವು.

ಉಡುಪಿಯ ಕಡೆ ಹೀಗೆ ಕಿತ್ತ ಕಿಟಕಿಗಳಿಗೆ ಬೇರೊಂದು ಚರಿತ್ರೆಯೂ ಇದೆ. ಭೂಸುಧಾರಣೆಯ ನಂತರ ದೊಡ್ಡ ಮನೆಗಳು ಪಾಲಾಗಿ ಕೆಡವಲ್ಪಟ್ಟಾಗ ಅವುಗಳ ಕಂಬ, ಬಾಗಿಲು, ಕಿಟಕಿಗಳನ್ನು ಮಣಿಪಾಲದ ವಿಜಯನಾಥ ಶೆಣೈ ಒಂದೊಂದಾಗಿ ಕೂಡಿಹಾಕಿದರು. ಅವುಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು, ಅದಕ್ಕೆ ಹಸ್ತಶಿಲ್ಪ ಎಂದು ಹೆಸರಿಟ್ಟರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮ ಮಾಡಿದರು. 2017ರಲ್ಲಿ ಅವರು ತೀರಿಕೊಂಡರು. ಕುಂಜೂರಿನ ಚೌಕಿಮನೆ ಅಲ್ಲಿದೆ, ಹುಮನಾಬಾದಿನ ನವಾಬ ಮಹಲಿನ ಬಣ್ಣದ ಗಾಜುಗಳೂ ಅಲ್ಲಿವೆ. ಒಡೆಯರ ಕಿಟಕಿ ಅಲ್ಲಿ ನೋಡಲು ಸಿಗುತ್ತದೆ. ಒಕ್ಕಲಿನವರ ಕಂಡಿ ಎಲ್ಲಿಯೂ ಉಳಿದಿಲ್ಲ. ಅದನ್ನು ಬಿಚ್ಚಿ ತರುವುದು ಹೇಗೆ? ಅದು ಮಣ್ಣಿನಲ್ಲಿದ್ದ ಬರೀ ತೂತು.

ಪಡುವಣದ ದಾರಂದ ಕೀಳುವ ದಿನ ಮನೆಯ ಹಿರಿಯರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದರು. ಒಂದರ ಮೇಲ್ಪಟ್ಟಿಯ ಕಿವಿ ಮಾತ್ರ ಇಡಿಯಾಗಿ ಬಂತು. ಗೋಡೆಯೊಳಗೇ ಇದ್ದ ಭಾಗ, ಬಣ್ಣ ತಾಗದೆ ಹಲಸಿನ ಹಳದಿ ಹಾಗೇ ಇತ್ತು. ಅದರ ಮೇಲೆ ಆಚಾರಿಯ ಉಳಿಯಿಂದ ಕೆತ್ತಿದ ಒಂದು ಗುರುತು, ಯಾವ ದಾರಂದ ಯಾವ ಗೋಡೆಗೆ ಎಂದು ತಿಳಿಯಲು ಹಾಕಿಕೊಂಡದ್ದು: ಏಳು ಗೀರುಗಳು. ಗುಜರಿಯವನು ಅದಕ್ಕೂ ಬೆಲೆ ಕೇಳಿದ. ಹಿರಿಯರು ಕೊಡಲಿಲ್ಲ. ಅದೀಗ ಚಾವಡಿಯ ಗೋಡೆಯಲ್ಲಿ, ಅಂಗಿ ತೂಗುಹಾಕುವ ಗೂಟವಾಗಿದೆ.